ಟೋಕಿಯೊ ಸುತ್ತಮುತ್ತ ನವೆಂಬರ್ ತಿಂಗಳ ಒಂದು ದಿನದ ಪ್ರವಾಸ: ಅಪ್ಪ ಅಮ್ಮನನ್ನು ಯಾವ ವಾರ, ಎಲ್ಲಿಗೆ ಕರೆದೊಯ್ಯಲಿ?

ಪ್ರಶ್ನೆ: ಕವಾಸಕಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ನನ್ನ ತಂದೆ ತಾಯಿ ಅಕ್ಟೋಬರ್ ಕೊನೆಯಲ್ಲಿ ಇಲ್ಲಿಗೆ ಬಂದು, ಡಿಸೆಂಬರ್ ಮೊದಲ ವಾರದವರೆಗೆ ನನ್ನೊಂದಿಗೆ ಇರಲಿದ್ದಾರೆ. ಮೇಪಲ್ ಮರಗಳು ಕೆಂಪೇರುವುದನ್ನು ಅವರಿಗೆ ತೋರಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಅಮ್ಮ ಈಗಲೂ ಕೊಡಚಾದ್ರಿ ಹತ್ತುವಷ್ಟು ಗಟ್ಟಿಯಾಗಿದ್ದಾರೆ. ಅಪ್ಪನಿಗೆ ಸಮತಟ್ಟಾದ ದಾರಿಯಲ್ಲಿ ನಡೆಯಲು ತೊಂದರೆಯಿಲ್ಲ, ಆದರೆ ಮೊಣಕಾಲು ನೋವಿನಿಂದಾಗಿ ಮೆಟ್ಟಿಲು ಇಳಿಯುವುದು ಕಷ್ಟ. ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಂತಹ ಸ್ಥಳಗಳಿದ್ದರೆ ದಯವಿಟ್ಟು ತಿಳಿಸಿ. ಟೋಕಿಯೊದ ಉತ್ತರಕ್ಕಿರುವ ಬೆಟ್ಟದೂರು ನಿಕ್ಕೊ ಒಂದೇ ದಿನದಲ್ಲಿ ಸಾಧ್ಯವೇ ಎಂಬುದು ನನ್ನ ಮುಖ್ಯ ಅನುಮಾನ.

ಉತ್ತರ: ಉತ್ಸುನೊಮಿಯಾದಿಂದ

ನಮಸ್ಕಾರ. ಊರಿನ ಹೆಸರು ನೋಡಿ ದಿನ ಗೊತ್ತುಮಾಡಬೇಡಿ, ಎತ್ತರ ನೋಡಿ ಗೊತ್ತುಮಾಡಿ. ಸಮುದ್ರಮಟ್ಟದಿಂದ ನೂರು ಮೀಟರ್ ಮೇಲಕ್ಕೆ ಹೋದಂತೆಲ್ಲ ಉಷ್ಣಾಂಶ ಸುಮಾರು 0.6 ಡಿಗ್ರಿಯಷ್ಟು ಇಳಿಯುತ್ತದೆ. ರಾತ್ರಿಯ ಚಳಿ ಹೆಚ್ಚಿದಾಗ ಎಲೆ ಬಣ್ಣಕ್ಕೆ ತಿರುಗುವುದರಿಂದ, ಬಣ್ಣವು ಬೆಟ್ಟದ ನೆತ್ತಿಯಲ್ಲಿ ಮೊದಲು ಕಾಣಿಸಿಕೊಂಡು ವಾರವಾರವೂ ಕೆಳಕ್ಕೆ ಇಳಿಯುತ್ತ ಬರುತ್ತದೆ. ನಿಕ್ಕೊದಲ್ಲಿ ಇದು ಬಹಳ ಸ್ಪಷ್ಟ. ಸುಮಾರು 1,400 ಮೀಟರ್ ಎತ್ತರದ ಸೆಂಜೊಗಹಾರಾ ಜೌಗು ಬಯಲಿನ ಹುಲ್ಲು ಅಕ್ಟೋಬರ್ ಮೊದಲ ಭಾಗದಲ್ಲೇ ಹೊನ್ನಿನ ಬಣ್ಣಕ್ಕೆ ಬಂದು ಮುಗಿಯುತ್ತದೆ. 1,269 ಮೀಟರ್ ಎತ್ತರದ ಚುಜೆಂಜಿ ಸರೋವರದ ದಡ ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ ಚೆನ್ನಾಗಿರುತ್ತದೆ. ಕೆಳಗಿನ ತೊಶೊಗು ದೇಗುಲದ ಆಸುಪಾಸು ಕೆಂಪಾಗುವುದು ನವೆಂಬರ್ ಮೊದಲೆರಡು ವಾರಗಳಲ್ಲಿ.

ಆದ್ದರಿಂದ ನಿಮಗೆ ಉಳಿಯುವುದು ಕೆಳಗಿನ ನಿಕ್ಕೊ ಮಾತ್ರ. ಇದು ಕೊರತೆಯಲ್ಲ, ಅನುಕೂಲವೆಂದೇ ನಾನು ಭಾವಿಸುತ್ತೇನೆ. ಬೆಟ್ಟದ ಮೇಲಕ್ಕೆ ಹೋಗುವ ಇರೊಹಾಜಾಕ ರಸ್ತೆಯಲ್ಲಿ, ಹತ್ತುವ ಮತ್ತು ಇಳಿಯುವ ದಾರಿಗಳೆರಡೂ ಸೇರಿ 48 ತಿರುವುಗಳಿವೆ. ಬಣ್ಣದ ದಿನಗಳ ಶನಿವಾರ, ಭಾನುವಾರಗಳಂದು ಬಸ್ಸುಗಳು ಅಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತವೆ. 97 ಮೀಟರ್ ಎತ್ತರದಿಂದ ಧುಮುಕುವ ಕೆಗೊನ್ ಜಲಪಾತ ನೋಡಲೇಬೇಕಾದದ್ದು ಹೌದು, ಆದರೆ ಅಪ್ಪನವರನ್ನು ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಿಸಿ ತೋರಿಸುವ ಬದಲು ಬೇರೆ ಋತುವಿಗೆ ಇಟ್ಟುಕೊಳ್ಳುವುದು ಲೇಸು.

1617ರಲ್ಲಿ ಸ್ಥಾಪಿತವಾದ ತೊಶೊಗುವಿನಲ್ಲಿ ಯೊಮೆಯಿಮೊನ್ ದ್ವಾರದವರೆಗೆ ಕೆಲವು ಮೆಟ್ಟಿಲುಗಳಿವೆ. ನಿಧಾನವಾಗಿ ಹೋದರೆ ಸಾಗುತ್ತದೆ. ಆದರೆ ಮಲಗಿದ ಬೆಕ್ಕಿನ ಕೆತ್ತನೆ ಇರುವ ಬಾಗಿಲನ್ನು ದಾಟಿ ಜಪಾನನ್ನು ಆಳಿದ ಸೇನಾಧಿಪತಿ ತೊಕುಗಾವಾ ಇಯೆಯಾಸುವಿನ ಸಮಾಧಿಗೆ ಹೋಗಬೇಕಾದರೆ 207 ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ, ಅಷ್ಟನ್ನೇ ಇಳಿಯಬೇಕು. ದೇವದಾರುಗಳ ನಡುವಿನ ಆ ಕಲ್ಲುಗಳು ಬಹುಪಾಲು ನೆರಳಲ್ಲೇ ಇದ್ದು ತೇವವಾಗಿರುತ್ತವೆ. ಅಲ್ಲಿಗೆ ಅಮ್ಮ ಮಾತ್ರ ಹೋಗಿಬರಲಿ.

ಉತ್ತರ: ಹಚಿಯೊಜಿಯಿಂದ

ಮೇಲಿನವರು ಹೇಳಿದ ಎತ್ತರದ ಲೆಕ್ಕದ ಪ್ರಕಾರ, ನವೆಂಬರ್ ಮಧ್ಯದಿಂದ ಕೊನೆಯವರೆಗೆ ನಿಮಗೆ ಒದಗುವ ಬೆಟ್ಟವೆಂದರೆ 599 ಮೀಟರ್ ಎತ್ತರದ ತಕಾವೊ. ಒಂದೇ ಮನೆಯ ಇಬ್ಬರ ಕಾಲುಗಳ ಶಕ್ತಿ ಬೇರೆ ಬೇರೆಯಾಗಿದ್ದರೆ ಇದಕ್ಕಿಂತ ಒಳ್ಳೆಯ ಬೆಟ್ಟ ಟೋಕಿಯೊ ಸುತ್ತ ಇಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಕವಾಸಕಿಯಿಂದ ನಾಂಬು ಮಾರ್ಗದಲ್ಲಿ ಬುಬಾಯಿಗವಾರಾಕ್ಕೆ ಬಂದು ಕೆಯಿಯೊ ರೈಲು ಹಿಡಿದರೆ ಸಾಕು, ಶಿಂಜುಕುವಿಗೆ ಹೋಗುವ ಅಗತ್ಯವಿಲ್ಲ.

ಅಪ್ಪನವರನ್ನು ಕೇಬಲ್ ಕಾರಿನಲ್ಲಿ ಮೇಲಿನ ನಿಲ್ದಾಣಕ್ಕೆ ಕರೆದೊಯ್ಯಿರಿ. ಅದರ ಹಳಿ ಒಂದೆಡೆ 31 ಡಿಗ್ರಿಗೂ ಹೆಚ್ಚು ಕಡಿದಾಗಿ ಏರುತ್ತದೆ. ಜಪಾನಿನ ಕೇಬಲ್ ಕಾರುಗಳಲ್ಲೇ ಇದು ಅತಿ ಕಡಿದಾದ ಏರು. ಅಲ್ಲಿಂದ ಯಾಕುವೊಯಿನ್ ದೇಗುಲದ ಕಡೆಗೆ ಹೋಗುವ ಒಂದನೇ ದಾರಿಗೆ ನೆಲ ಹಾಸಿದೆ. ಮಧ್ಯದಲ್ಲಿ ದಾರಿ ಕವಲಾಗುತ್ತದೆ: ಒಂದು ಕಡೆ 108 ಮೆಟ್ಟಿಲು, ಇನ್ನೊಂದು ಕಡೆ ಮೆಟ್ಟಿಲಿಲ್ಲದ ಇಳಿಜಾರು. ಎರಡೂ ಸ್ವಲ್ಪ ದೂರದಲ್ಲೇ ಮತ್ತೆ ಕೂಡುತ್ತವೆ. ಅಪ್ಪನವರು ಇಳಿಜಾರು ಹಿಡಿಯಲಿ. ದೇಗುಲದ ಒಳಗೆ ಮೆಟ್ಟಿಲು ತಪ್ಪಿದ್ದಲ್ಲವಾದ್ದರಿಂದ ಶಿಖರಕ್ಕೆ ಹೋಗಲೇಬೇಕೆಂಬ ಹಟ ಬೇಡ. ಮೇಪಲ್‌ಗಳು ದೇಗುಲದ ಸುತ್ತಲೂ ಸಾಕಷ್ಟಿವೆ.

ಅಮ್ಮನವರಿಗೆ ಆರನೇ ದಾರಿಯೇ ಸರಿ. ತೊರೆಯ ಪಕ್ಕದಲ್ಲೇ ಸಾಗುವ ಕಾಡುದಾರಿ, ಸುಮಾರು ಒಂದೂವರೆ ಗಂಟೆಯ ಏರು. ಕೊನೆಯ ಭಾಗದಲ್ಲಿ ದಾರಿಯೇ ತೊರೆಯೊಳಗೆ ಇಳಿಯುತ್ತದೆ. ನೀರಿನ ಮೇಲೆ ತಲೆಯೆತ್ತಿದ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡಬೇಕು, ಕಲ್ಲಿನ ಅಂಚಿನಲ್ಲಿ ಅಂಟಿದ ಒದ್ದೆ ಎಲೆ ಜಾರುತ್ತದೆ. ಅಡಿ ಸವೆಯದ ಶೂ ಇರಲಿ. ಜನಸಂದಣಿಯ ದಿನಗಳಲ್ಲಿ ಈ ದಾರಿಯಲ್ಲಿ ಹತ್ತಲು ಮಾತ್ರ ಬಿಡುವುದುಂಟು. ನವೆಂಬರ್ 23 ಸರ್ಕಾರಿ ರಜೆ. ಆ ದಿನವನ್ನೂ ಅದರ ಅಕ್ಕಪಕ್ಕದ ವಾರಾಂತ್ಯವನ್ನೂ ಬಿಟ್ಟುಬಿಡಿ.

ಸಮಯ ಉಳಿದರೆ ನಿಶಿ ಹಚಿಯೊಜಿ ಮತ್ತು ತಕಾವೊ ನಿಲ್ದಾಣಗಳ ನಡುವೆ ಕೊಶು ಹೆದ್ದಾರಿಯ ಉದ್ದಕ್ಕೂ ನಿಂತಿರುವ ಗಿಂಕ್ಗೊ ಸಾಲುಮರಗಳನ್ನು ನೋಡಿ. ಸಪಾಟು ಕಾಲುದಾರಿ, ತಲೆಯ ಮೇಲೆಲ್ಲ ಅರಿಸಿನದ ಹಳದಿ.

ಉತ್ತರ: ಯೊಕೊಹಾಮಾದಿಂದ

ಊಟದ ವಿಷಯದಲ್ಲಿ ಎಚ್ಚರ ಬೇಕು. ಬೆಟ್ಟದ ಹೋಟೆಲುಗಳ ಸೋಬಾ ನೂಡಲ್ಸ್ ನೋಡಲು ಸಸ್ಯಾಹಾರದಂತೆ ಕಂಡರೂ ಅದರ ಸಾರು ಸಾಮಾನ್ಯವಾಗಿ ಒಣಮೀನಿನದು. ನಿಕ್ಕೊದ ಯುಬಾ ಸೋಯಾ ಹಾಲಿನ ಕೆನೆಯಿಂದ ಮಾಡಿದ್ದು, ಆದರೆ ಅದನ್ನು ಬೇಯಿಸುವುದೂ ಹೆಚ್ಚಾಗಿ ಅದೇ ಸಾರಿನಲ್ಲಿ. ಆದ್ದರಿಂದ ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ನೆಮ್ಮದಿ. ಇಲ್ಲಿನವರೂ ಬುತ್ತಿ ಬಿಚ್ಚಿ ಬೆಟ್ಟದ ಮೇಲೆ ಕೂತು ತಿನ್ನುವವರೇ. ಕಸದ ಬುಟ್ಟಿ ಎಲ್ಲಿಯೂ ಸಿಗದು, ಒಂದು ಚೀಲ ಇಟ್ಟುಕೊಂಡು ಎಲ್ಲವನ್ನೂ ಮನೆಗೆ ತನ್ನಿ.

ನವೆಂಬರ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕೂವರೆಗೆ. ಕಾಡುದಾರಿಯಲ್ಲಿ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ಮಧ್ಯಾಹ್ನ ಎರಡರ ನಂತರ ಹತ್ತಲು ತೊಡಗಬೇಡಿ. ಚಳಿಗಾಲದ ನಿದ್ರೆಗೆ ಮುಂಚೆ ಕರಡಿಗಳು ಆಹಾರ ಹುಡುಕುತ್ತ ಓಡಾಡುವ ಕಾಲವೂ ಇದೇ. ಚೀಲಕ್ಕೆ ಸದ್ದು ಮಾಡುವ ಪುಟ್ಟ ಗಂಟೆಯೊಂದನ್ನು ಕಟ್ಟಿ, ಹೊರಡುವ ಮುನ್ನ ಆ ಊರಿನ ಆಡಳಿತದ ಸೂಚನೆ ನೋಡಿ.

ಡಿಸೆಂಬರ್ ಮೊದಲ ವಾರಕ್ಕೆ ಕಾಮಾಕುರಾ ಉಳಿಸಿಕೊಳ್ಳಿ. ಸಮುದ್ರದ ಪಕ್ಕದ ತಗ್ಗಾದ ಊರಾದ್ದರಿಂದ ಅಲ್ಲಿ ಬಣ್ಣ ಕೊನೆಗೆ ಬರುತ್ತದೆ. ಕಿತಾ ಕಾಮಾಕುರಾ ನಿಲ್ದಾಣದ ಪಕ್ಕದಲ್ಲೇ ಎಂಗಾಕುಜಿ ದೇಗುಲವಿದೆ, ಅಪ್ಪನವರು ಹೆಚ್ಚು ನಡೆಯಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನವೆಂಬರ್ ಎರಡನೇ ವಾರ ಒಂದು ದಿನ ರಜೆ ಹಾಕಿ ವಾರದ ನಡುವೆ ನಿಕ್ಕೊಗೆ ಹೋಗುತ್ತೇವೆ. ಕವಾಸಕಿಯಿಂದ ಹೋಗುವವರಿಗೆ ಯಾವ ರೈಲು ಸುಲಭ?

ಉತ್ತರ: ಉತ್ಸುನೊಮಿಯಾದಿಂದ

ಕೆಯಿಕ್ಯು ಕವಾಸಕಿಯಿಂದ ತೊಯೆಯಿ ಅಸಾಕುಸಾ ಮಾರ್ಗಕ್ಕೆ ನೇರವಾಗಿ ಸಾಗುವ ರೈಲುಗಳಿವೆ. ಅಸಾಕುಸಾದಲ್ಲಿ ಇಳಿದು ನೆಲದ ಮೇಲೆ ಬಂದು, ಸ್ವಲ್ಪ ನಡೆದರೆ ತೊಬು ರೈಲಿನ ನಿಲ್ದಾಣ. ಅಲ್ಲಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡು ಗಂಟೆ. ಆಸನಗಳೆಲ್ಲ ಕಾಯ್ದಿರಿಸಿದವು. ಟಿಕೆಟ್ ಮಾರಾಟ ಒಂದು ತಿಂಗಳ ಮೊದಲು ಬೆಳಿಗ್ಗೆ ಒಂಬತ್ತಕ್ಕೆ ಆರಂಭವಾಗುತ್ತದೆ. ಬೆಳಗಿನ ರೈಲು ಬೇಕಾದರೆ ಅಂದೇ ತೆಗೆದಿಡಿ.