ಲ್ಯಾಬ್ ಬಾಡು: ಮಲೆನಾಡಿನ ಹೋಂಸ್ಟೇ ಊಟಕ್ಕೆ ಒಗ್ಗೀತಾ?

ಮೂಡಿಗೆರೆ_ಮುಂಗಾರು (ಪ್ರಶ್ನೆ):
ಚಿಕ್ಕಮಗಳೂರು ಸುತ್ತಿನ ಹೋಂಸ್ಟೇಗಳಿಗೆ ಬರೋ ಅತಿಥಿಗಳಲ್ಲಿ ಕೆಲವರು ಈಗ "ಪ್ರಾಣಿ ಕೊಲ್ಲದ ಮಾಂಸ ಸಿಗುತ್ತಾ" ಅಂತ ಕೇಳ್ತಿದ್ದಾರೆ. ಲ್ಯಾಬಿನಲ್ಲಿ ಬೆಳೆಸಿದ ಮಾಂಸದ ಬಗ್ಗೆ ತಿಳಿದವರು ಹೇಳಿ. ಇದು ನಮ್ಮಲ್ಲಿ ಕೊಳ್ಳೋಕೆ ಸಿಗುತ್ತಾ? ಸಾರಿಗೆ ಹಾಕಿದ್ರೆ ನಿಲ್ಲುತ್ತಾ? ಬರೀ ಬೆಂಗಳೂರಿನವರು ತಿನ್ನೋದಾ, ಊರಿನವರೂ ತಿಂತಾರಾ? ಒಳ್ಳೇದೋ ಕೆಟ್ಟದ್ದೋ ಅನ್ನೋ ಭಾಷಣ ಬೇಡ, ತಯಾರಿ ಮತ್ತು ಅಡುಗೆ ಲೆಕ್ಕ ಬೇಕು.

ಕೋಶ_ಕಣಜ:
ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಸಿಗೋ "ಸಸ್ಯ ಮಾಂಸ" ಸೋಯಾ, ಬಟಾಣಿ ಪ್ರೋಟೀನಿನದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಬ್ ಮಾಂಸ ನಿಜವಾದ ಪ್ರಾಣಿಯ ಜೀವಕೋಶ.

ಮಾಡೋದು ಹೀಗೆ: ಬದುಕಿರುವ ಪ್ರಾಣಿಯಿಂದ ಚೂರು ಸ್ನಾಯು ತೆಗೆದು, ಅದರೊಳಗಿನ ಕಾಂಡಕೋಶ, ಅಂದರೆ ಒಡೆದು ಬೆಳೆಯಬಲ್ಲ ಮೂಲಕೋಶ, ಬೇರ್ಪಡಿಸ್ತಾರೆ. ಗ್ಲೂಕೋಸ್, ಅಮೈನೋ ಆಮ್ಲ, ಲವಣ, ವಿಟಮಿನ್, ಬೆಳವಣಿಗೆಯ ಪ್ರೋಟೀನ್ ಇರೋ ದ್ರವ ತುಂಬಿದ ತೊಟ್ಟಿಯಲ್ಲಿ 37 ಡಿಗ್ರಿ ಆಸುಪಾಸಿನಲ್ಲಿ ಇಡ್ತಾರೆ. ಕೋಶ ದಿನಕ್ಕೆ ಸುಮಾರು ಒಂದು ಸಲ ಇಮ್ಮಡಿ ಆಗುತ್ತೆ. ಒಂದೇ ಕೋಶ 40 ಸಲ ಇಮ್ಮಡಿಯಾದರೆ ಲಕ್ಷ ಕೋಟಿ ದಾಟಿತು. ಕೇಳೋಕೆ ಸುಲಭ, ಅಲ್ವಾ? ತೊಂದರೆ ಶುರುವಾಗೋದು ಅಲ್ಲೇ.

ಆ ದ್ರವ ಬ್ಯಾಕ್ಟೀರಿಯಾಕ್ಕೂ ಮೃಷ್ಟಾನ್ನ. ಅನುಕೂಲ ಸಿಕ್ಕರೆ ಅದು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತೆ. ಮಾಂಸದ ಕೋಶ ಒಂದು ಸಲ ಒಡೆಯೋ ಹೊತ್ತಿಗೆ ಅದಕ್ಕೆ 72 ಸಲ ಒಡೆಯೋ ಸಮಯ ಇರುತ್ತೆ. ಕುರಿಗಾದರೆ ಮೈಯಲ್ಲಿ ರೋಗನಿರೋಧಕ ಶಕ್ತಿ ಇದೆ, ತೊಟ್ಟಿಗೆ ಇಲ್ಲ. ಅದಕ್ಕೇ ಪೈಪು, ವಾಲ್ವ್ ಎಲ್ಲವನ್ನೂ 121 ಡಿಗ್ರಿ ಹಬೆಯಲ್ಲಿ ಶುದ್ಧ ಮಾಡಬೇಕು, ದ್ರವವನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಮೈಕೋಪ್ಲಾಸ್ಮಾ ಅನ್ನೋ ಪುಟ್ಟ ಬ್ಯಾಕ್ಟೀರಿಯಾ ಕಳ್ಳ ಆ ಫಿಲ್ಟರಿನಲ್ಲೂ ನುಸುಳಬಲ್ಲ, ದ್ರವ ಕದಡೋದೂ ಇಲ್ಲ, ಪರೀಕ್ಷೆ ಮಾಡದೆ ಗೊತ್ತಾಗಲ್ಲ. ಸೋಂಕು ಕಂಡರೆ ಇಡೀ ತೊಟ್ಟಿ ಚೆಲ್ಲಬೇಕು.

ಗಾತ್ರದ ಅಂದಾಜಿಗೆ ಮನೆ ಮೇಲಿನ 1,000 ಲೀಟರ್ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಮಿಲಿಲೀಟರಿಗೆ ಒಂದು ಕೋಟಿ ಕೋಶ, ಒಂದೊಂದೂ 2 ನ್ಯಾನೋಗ್ರಾಂ ಅಂತ ಹಿಡಿದರೆ ಅಷ್ಟು ದೊಡ್ಡ ತೊಟ್ಟಿಯಿಂದ ಸಿಗೋದು 20 ಕೆ.ಜಿ. ಒಂದೂವರೆ ಕುರಿ ಕಣ್ರೀ! ಇನ್ನೂ ದಟ್ಟವಾಗಿ ಬೆಳೆಸೋಣ ಅಂದ್ರೆ ಕೋಶಗಳೇ ಬಿಡೋ ಲ್ಯಾಕ್ಟೇಟ್, ಅಮೋನಿಯಾ ಅವನ್ನೇ ಉಸಿರುಗಟ್ಟಿಸುತ್ತೆ. ಆಮ್ಲಜನಕ ಸಾಲಲಿ ಅಂತ ಜೋರಾಗಿ ತಿರುವಿದರೆ ಕೋಶ ಹರಿದುಹೋಗುತ್ತೆ. ಬೆಲೆ ಇಳಿಯದಿರೋದಕ್ಕೆ ಇದೂ ಒಂದು ಕಾರಣ.

ಇನ್ನು ಪೀಸಿನ ವಿಷಯ. ರಕ್ತನಾಳ ಇಲ್ಲದಿದ್ದರೆ ಆಮ್ಲಜನಕ ಮಾಂಸದೊಳಗೆ 0.1ರಿಂದ 0.2 ಮಿಲಿಮೀಟರ್ ಇಳಿದರೆ ಹೆಚ್ಚು. ಅದಕ್ಕಿಂತ ದಪ್ಪ ಆದರೆ ನಡುವಿನದು ಸಾಯುತ್ತೆ. ಹಾಗಾಗಿ ಬರೋದು ಬಹುಪಾಲು ಖೈಮಾ ಥರದ್ದೇ. ಚೂರಿನ ಆಕಾರ ಬೇಕಂದ್ರೆ ಸೋಯಾ ಅಥವಾ ಗೋಧಿ ಪ್ರೋಟೀನಿನ ಚಪ್ಪರ ಕಟ್ಟಿ ಅದರ ಮೇಲೆ ಹಬ್ಬಿಸಬೇಕು.

ಹೇಮಾವತಿ_ಒಲೆ (ಹಾಸನ):
ಮೇಲಿನವರು ಹೇಳಿದ್ದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೆ ಮಾರಾಯ್ರೆ. ನಮ್ಮ ಕಡೆ ಬಾಡು ಅಂದ್ರೆ ಮೂಳೆ. ಮಟನ್ ಸಾರು ಗಟ್ಟಿಯಾಗಿ ತುಟಿಗೆ ಅಂಟೋದು ಮೂಳೆ, ಕೀಲು, ಚರ್ಮದ ಕೊಲ್ಯಾಜನ್ ಅನ್ನೋ ಪ್ರೋಟೀನ್ ನಿಧಾನವಾಗಿ ಬೆಂದು ಜೆಲಾಟಿನ್ ಆಗೋದರಿಂದ. ನಾಟಿ ಕೋಳಿ ಮುಕ್ಕಾಲು ಗಂಟೆ, ಒಂದು ಗಂಟೆ ಬೇಯೋದೂ ಅದಕ್ಕೇ. ಲ್ಯಾಬ್ ಮಾಂಸಕ್ಕೆ ಮೂಳೆ ಇಲ್ಲ, ನಲ್ಲಿ ಇಲ್ಲ, ಬೋಟಿ ಇಲ್ಲ, ತಲೆಕಾಲು ಇಲ್ಲ. ಸಾರಿಗೆ ಹಾಕಿದರೆ ಮಸಾಲೆ ನೀರಲ್ಲಿ ಪುಡಿ ತೇಲುತ್ತೆ.

ಒಗ್ಗಿದರೆ ಖೈಮಾ ಉಂಡೆಗೆ, ಅದೂ ಜಾಗ್ರತೆಯಿಂದ. ಕುರಿ ಖೈಮಾಕ್ಕೆ ಉಪ್ಪು ಹಾಕಿ ನಾದಿದಾಗ ಸ್ನಾಯುವಿನ ಮಯೋಸಿನ್ ಪ್ರೋಟೀನ್ ಬಿಟ್ಟುಕೊಂಡು ಅಂಟಾಗುತ್ತೆ, ಉಂಡೆ ಕಟ್ಟೋದು ಅದರಿಂದ. ಪೂರ್ತಿ ಸ್ನಾಯುವಾಗಿ ಬಲಿಯದ ಕೋಶದಲ್ಲಿ ಆ ಪ್ರೋಟೀನ್ ಕಡಿಮೆ. ಜೊತೆಗೆ ಕೊಬ್ಬು ಇಲ್ಲ. 2013ರಲ್ಲಿ ಲಂಡನ್ನಿನಲ್ಲಿ ನೆದರ್ಲೆಂಡ್ಸ್ ವಿಜ್ಞಾನಿ ಮಾರ್ಕ್ ಪೋಸ್ಟ್ ತಂಡ ತೋರಿಸಿದ ಮೊದಲ ಲ್ಯಾಬ್ ಮಾಂಸದ ಬರ್ಗರಿನಲ್ಲೂ ರುಚಿ ನೋಡಿದವರು ಹೇಳಿದ್ದು ಕೊಬ್ಬಿಲ್ಲ ಅಂತಲೇ. ಬಣ್ಣಕ್ಕೆ ಬೀಟ್‌ರೂಟ್ ರಸ, ಕೇಸರಿ ಹಾಕಿದ್ದರು, ಹಿಡಿತಕ್ಕೆ ಬ್ರೆಡ್ ಪುಡಿ, ಮೊಟ್ಟೆ ಪುಡಿ.

ಅರ್ಧ ಕೆ.ಜಿ. ಕುರಿ ಖೈಮಾಕ್ಕೆ 50 ಗ್ರಾಂ ಹುರಿಗಡಲೆ ಹಿಟ್ಟು ಸಾಕಾದರೆ, ಇಂಥ ಒಣಕಲು ಖೈಮಾಕ್ಕೆ 75 ಗ್ರಾಂವರೆಗೂ ಹೋಗಿ. ಕೊಬ್ಬಿನ ಬದಲು ಒಂದು ಹಿಡಿ ಕಾಯಿತುರಿ. ಮಸಾಲೆಗೆ ನೀರು ಸೋಕಿಸದೆ ರುಬ್ಬಿ. ಸಾರು ಕುದಿಯುವಾಗ ಒಂದೊಂದೇ ಬಿಟ್ಟು, ಉರಿ ಸಣ್ಣ ಮಾಡಿ, ಐದು ನಿಮಿಷ ಸೌಟು ಮುಟ್ಟಬೇಡಿ. ತಣ್ಣನೆ ಸಾರಿಗೆ ಬಿಟ್ಟರೆ ಕರಗಿಹೋಗುತ್ತೆ, ಕುರಿಯದಾದರೂ ಅಷ್ಟೇ.

ಶೃಂಗೇರಿ_ಸೊಪ್ಪು:
ಪ್ರಾಣಿ ಕೊಲ್ಲೋದಿಲ್ಲ ಅಂದ್ರೆ ಸಸ್ಯಾಹಾರಿಗಳು ತಿನ್ನಬಹುದು ಅಂತಾಯ್ತಾ? ಪ್ಯಾಕೆಟ್ ಮೇಲೆ ಯಾವ ಗುರುತು?

ಲೇಬಲ್_ಲೆಕ್ಕ:
ಈಗಿನ ಆಹಾರ ಸುರಕ್ಷತಾ ವ್ಯಾಖ್ಯೆಯಲ್ಲಿ ಪ್ರಾಣಿ ಮೂಲದ್ದೆಲ್ಲ ಮಾಂಸಾಹಾರ. ಹಾಲು, ಜೇನಿನಂಥವಕ್ಕೆ ಮಾತ್ರ ವಿನಾಯಿತಿ. ಕೋಶ ಕೋಳಿಯದ್ದಾದರೆ ಕಂದು ತ್ರಿಕೋನವೇ. ಹಸಿರು ಚುಕ್ಕಿ ಆಸೆ ಬಿಡಿ.

"ಕೊಲ್ಲೋದಿಲ್ಲ" ಅನ್ನೋದನ್ನೂ ಕೇಳಿ ತಿಳ್ಕೋಬೇಕು. ಕೋಶ ಬೆಳೆಸೋಕೆ ಹಳೇ ವಿಧಾನದಲ್ಲಿ ಬಳಸೋದು ಭ್ರೂಣದ ಸೀರಂ, ಅಂದರೆ ಕಡಿದ ಗಬ್ಬದ ಹಸುವಿನ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ತೆಗೆದದ್ದು. ಇದು ಗೊತ್ತಾದರೆ ನಮ್ಮಲ್ಲಿ ಸಸ್ಯಾಹಾರಿಗಳಿರಲಿ, ಬಾಡು ತಿನ್ನೋ ಅನೇಕರೂ ತಟ್ಟೆ ಸರಿಸ್ತಾರೆ. ಸೀರಂ ಇಲ್ಲದ ದ್ರವಕ್ಕೆ ಸಿಂಗಪುರ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾಗಿ ಅತಿಥಿ ಕೇಳಿದರೆ ಮೊದಲು ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಸೀರಂ.

ಕೊಳ್ಳೋದರ ಬಗ್ಗೆ: ಮೊದಲ ಮಾರಾಟದ ಅನುಮತಿ 2020ರ ಡಿಸೆಂಬರಿನಲ್ಲಿ ಸಿಂಗಪುರ ಕೊಟ್ಟಿದ್ದು, 2023ರಲ್ಲಿ ಅಮೆರಿಕ. ಅದೇ 2023ರಲ್ಲಿ ಇಟಲಿ ನಿಷೇಧಿಸಿತು, 2024ರಲ್ಲಿ ಫ್ಲೋರಿಡಾ. ನಮ್ಮಲ್ಲಿ 2017ರ ನಿಯಮದ ಪ್ರಕಾರ ಇಂಥ ಹೊಸ ಆಹಾರಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪೂರ್ವಾನುಮತಿ ಬೇಕು. ಅದಿಲ್ಲದೆ ಯಾರಾದರೂ ತಂದುಕೊಡ್ತೀನಿ ಅಂದರೆ ಹೋಂಸ್ಟೇ ಪರವಾನಗಿ ಇರೋರು ಆ ಕಡೆ ತಲೆ ಹಾಕಬೇಡಿ. ಸಂಶೋಧನೆಗೆ ಕೈ ಹಾಕಿದ್ದಾರೆ: ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವಕೋಶ ಸಂಶೋಧನಾ ಕೇಂದ್ರ ಲ್ಯಾಬ್ ಮಾಂಸದ ಕೆಲಸ ಶುರು ಮಾಡಿತ್ತು, ಕೊಚ್ಚಿಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) 2024ರಲ್ಲಿ ಮೀನಿನದು.

ಹೇಮಾವತಿ_ಒಲೆ:
ಒಂದು ಸೇರಿಸ್ತೀನಿ. ಸಿಂಗಪುರದ ಅಂಗಡಿಯಲ್ಲಿ 2024ರಲ್ಲಿ ಮಾರಿದ ಪ್ಯಾಕೆಟ್ಟಿನಲ್ಲಿ ಕೋಳಿ ಕೋಶ ಇದ್ದದ್ದು ಶೇ. 3, ಉಳಿದದ್ದು ಹೆಚ್ಚಾಗಿ ಸಸ್ಯ ಪ್ರೋಟೀನ್. ಅತಿಥಿಗಳ ನಾಲಿಗೆ ಪರೀಕ್ಷಿಸಬೇಕಾ? 100 ಗ್ರಾಂ ಸೋಯಾ ಚಂಕ್ಸ್ ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ, ಕೊನೇ ಹನಿವರೆಗೂ ಹಿಂಡಿ, ತರಿತರಿ ರುಬ್ಬಿ ಉಂಡೆ ಮಾಡಿ. ಸೋಯಾ ಅಂತ ಹೇಳಿಯೇ ಬಡಿಸಿ. ಅದನ್ನೇ ಅರ್ಧ ಬಿಟ್ಟೆದ್ದವರು ಲ್ಯಾಬಿನದಕ್ಕೆ ಡಬಲ್ ದುಡ್ಡು ಕೊಡಲ್ಲ.

ಮೂಡಿಗೆರೆ_ಮುಂಗಾರು:
ಅಂದ್ರೆ ಊರಿನವರು ತಿನ್ನಲ್ಲ ಅಂತಲೇ ಲೆಕ್ಕವಾ? ಹರಕೆ, ಹೊಸತೊಡಕು?

ಕೋಶ_ಕಣಜ:
ಯಾರನ್ನ ಕೇಳ್ತೀರಿ ಅನ್ನೋದರ ಮೇಲೆ. ಪೇಟೆಯಲ್ಲಿ ಕಬಾಬ್, ರೋಲ್ ತಿನ್ನೋ ಹುಡುಗರು ಈಗಲೂ ಪೀಸಿನ ಮೂಲ ಕೇಳಲ್ಲ, ಬೆಲೆ ಸರಿಯಿದ್ದರೆ ಇದನ್ನೂ ತಿಂತಾರೆ. ಸಿಂಗಪುರದ ಇಸ್ಲಾಮಿಕ್ ಮಂಡಳಿ 2024ರಲ್ಲಿ ಷರತ್ತಿನ ಮೇಲೆ ಹಲಾಲ್ ಆಗಬಹುದು ಅಂದಿದೆ, ಹಾಗಾಗಿ ಆ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಆದರೆ ಹರಕೆಗೆ ಬೇಕಾದ್ದು ಜೀವ, ಕೋಶ ಅಲ್ಲ. ಹೊಸತೊಡಕಿನ ಗುಡ್ಡೆ ಬಾಡಿನಲ್ಲಿ ಪ್ರತಿ ಗುಡ್ಡೆಗೂ ಈಲಿ, ಮೂಳೆ, ಕೊಬ್ಬು ಸಮನಾಗಿ ಬೀಳಬೇಕು. ಎಲ್ಲಾ ಒಂದೇ ಥರ ಇರೋ ಖೈಮಾದಲ್ಲಿ ಗುಡ್ಡೆ ಹಾಕೋಕೆ ಏನಿದೆ? ಶ್ರಾವಣದಲ್ಲಿ ಇದು ನಡೆಯುತ್ತಾ ಅನ್ನೋ ಜಗಳವನ್ನ ಮನೆ ಹಿರಿಯರಿಗೆ ಬಿಡೋಣ.

ನಿಮಗೆ ಅದಕ್ಕಿಂತ ಹತ್ತಿರದ ತೊಂದರೆ ಕರೆಂಟು. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಲೈನ್ ಮೇಲೆ ಮರ ಬಿದ್ದರೆ ದಿನಗಟ್ಟಲೆ ಬರಲ್ಲ. ಇಂಥ ಮಾಂಸ ಬಂದರೂ ಫ್ರೋಜನ್ ಆಗಿಯೇ ಬರೋದು, ಮೈನಸ್ 18ರಲ್ಲಿ ಇಡಬೇಕು. ಒಂದು ಸಲ ಕರಗಿದ್ದನ್ನ ಮತ್ತೆ ಫ್ರೀಜರಿಗೆ ಹಾಕಿದರೆ ನೀರು ಬಿಡುತ್ತೆ, ಉಂಡೆ ನಿಲ್ಲಲ್ಲ. ಜನರೇಟರ್ ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಎತ್ತಿಡಿ. ಸದ್ಯಕ್ಕೆ ಕಡುಬಿನ ಜೊತೆ ಹಂದಿ ಸಾರೇ ಇರಲಿ.