ಸಹಾಯ ಬೇಕು: ಎಡಿಎಚ್‌ಡಿ ಇರುವ 7 ವರ್ಷದ ಮಗನ ಹೋಮ್‌ವರ್ಕ್

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 7 ವರ್ಷ. ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ) ಇದೆ ಎಂದು ಹೋದ ವರ್ಷ ಡಾಕ್ಟರು ಹೇಳಿದರು. ಹೋಮ್‌ವರ್ಕ್ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಅವನಿಗೆ ಪಾಠ ಅರ್ಥವಾಗುತ್ತದೆ. ಬಾಯಲ್ಲಿ ಕೇಳಿದರೆ ಲೆಕ್ಕಕ್ಕೆ ಪಟಪಟ ಉತ್ತರ ಹೇಳುತ್ತಾನೆ. ಬರೆಯಲು ಕೂತರೆ ಮಾತ್ರ ಎರಡನೇ ಸಾಲಿಗೇ ಪೆನ್ಸಿಲ್ ನೆಲದ ಮೇಲೆ, ಅವನು ಕಿಟಕಿ ಹತ್ತಿರ. ಮೊದಮೊದಲು ಸೋಮಾರಿತನ ಅಂದುಕೊಂಡು ಗದರುತ್ತಿದ್ದೆ. ಅದು ನನ್ನ ತಪ್ಪು. ಒಟ್ಟಿಗೆ ಮೂರು ಕೆಲಸ ಹೇಳಿದರೆ ಅವನ ತಲೆಯಲ್ಲಿ ಒಂದೇ ಉಳಿಯುತ್ತದೆ. ಬೇಕಂತ ಮಾಡುವುದಲ್ಲ ಅದು.

ಕೆಲವು ಉಪಾಯಗಳಿಂದ ಅನುಕೂಲವಾಗಿದೆ. ಶಾಲೆಯಿಂದ ಬಂದ ತಕ್ಷಣ ಕೂರಿಸದೆ ಅರ್ಧ ಗಂಟೆ ಓಡಿ ಆಡಲು ಬಿಡುತ್ತೇನೆ. ಪುಟದ ಕೆಳಗಿನ ಅರ್ಧವನ್ನು ಬೇರೆ ಕಾಗದದಿಂದ ಮುಚ್ಚುತ್ತೇನೆ. ಕಣ್ಣಿಗೆ ಕಾಣುವ ಲೆಕ್ಕ ಕಡಿಮೆಯಾದರೆ ಅವನ ಹೆದರಿಕೆಯೂ ಕಡಿಮೆ. 10 ನಿಮಿಷ ಟೈಮರ್ ಇಟ್ಟು ಬರೆಸಿ, ಆಮೇಲೆ 5 ನಿಮಿಷ ಬಿಡುವು. ನಿಂತುಕೊಂಡು ಬರೆದರೂ ಸರಿ ಅಂದಿದ್ದೇನೆ.

ಕಷ್ಟ ಇರುವುದು ಬಿಡುವಿನ ನಂತರ. ವಾಪಸ್ ಕೂರಿಸುವಷ್ಟರಲ್ಲಿ ಇಬ್ಬರಿಗೂ ಸಾಕಾಗಿರುತ್ತದೆ. ನಿನ್ನೆ ಅಳುತ್ತಾ, "ಅಮ್ಮಾ, ನಾನು ದಡ್ಡ ಅಲ್ವಾ?" ಅಂದ. ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ.

ಜಗಳವಿಲ್ಲದೆ ಮಗುವನ್ನು ಮತ್ತೆ ಪುಸ್ತಕದ ಮುಂದೆ ಕರೆತರುವುದು ಹೇಗೆ? ಬರೆಯುವ ಕೆಲಸ ಸ್ವಲ್ಪ ಕಡಿಮೆ ಕೊಡಿ ಎಂದು ಟೀಚರ್ ಹತ್ತಿರ ಕೇಳಿದವರು ಇದ್ದೀರಾ? ಮಾತು ಹೇಗೆ ಶುರು ಮಾಡಿದಿರಿ? ಔಷಧಿಯ ಬಗ್ಗೆ ಡಾಕ್ಟರ ಹತ್ತಿರವೇ ಮಾತಾಡುತ್ತಿದ್ದೇವೆ, ದಯವಿಟ್ಟು ಮನೆಯಲ್ಲಿ ನೀವು ಮಾಡಿ ನೋಡಿದ್ದನ್ನು ಹೇಳಿ.