ಅಪ್‌ಡೇಟ್: ಸಂಗಮದಿಂದ ಮೇಕೆದಾಟುವಿಗೆ ನಡೆದೇ ಹೋದೆವು

ಏಪ್ರಿಲ್ ಬಿಸಿಲಿನಲ್ಲಿ ಅಪ್ಪನ ಜೊತೆ ಸಂಗಮದಿಂದ (ಅರ್ಕಾವತಿ ಕಾವೇರಿಗೆ ಸೇರುವ ಜಾಗ) ಕಾವೇರಿ ಬಂಡೆಗಳ ನಡುವೆ ಕಿರಿದಾಗಿ ಹರಿಯುವ ಮೇಕೆದಾಟುವಿಗೆ ನಡೆಯಬಹುದಾ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದೆವು, ತುಂಬಾ ಚೆನ್ನಾಗಿತ್ತು! ಬೆಳಿಗ್ಗೆ ಬೇಗ ಹೊರಡಿ ಅಂದವರಿಗೆಲ್ಲ ಥ್ಯಾಂಕ್ಸ್.

ಅರ್ಕಾವತಿಯಲ್ಲಿ ನೀರು ಮೊಣಕಾಲಿನಷ್ಟೇ ಇತ್ತು, ದಾಟಲು ತೆಪ್ಪ ಬೇಕಾಗಲಿಲ್ಲ. ಆಮೇಲೆ ಸುಮಾರು 4 ಕಿ.ಮೀ. ದಾರಿ, ಪಕ್ಕದಲ್ಲೇ ಕಾವೇರಿ. ಕುರುಚಲು ಕಾಡು, ನೆರಳು ಕಮ್ಮಿ. ಆದರೆ ಹೊಳೆದಂಡೆಯ ಮತ್ತಿ ಮರದ ಕೆಳಗೆ ಕೂತರೆ ಏಳೋಕೆ ಮನಸ್ಸೇ ಬರುವುದಿಲ್ಲ. ಅಪ್ಪ ಅಲ್ಲೇ ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಒದ್ದೆ ಟವಲ್ ತಲೆಗೆ ಸುತ್ತಿಕೊಂಡರು.

ಮೇಕೆದಾಟುವಿನ ಬಂಡೆಗಳನ್ನು ಬೇಸಿಗೆಯಲ್ಲೇ ನೋಡಬೇಕು. ಆಗ ನೀರು ಇಳಿದಿರುತ್ತದೆ ಅಲ್ವಾ, ಬಂಡೆಯಲ್ಲಿ ಒರಳಿನಂಥ ಗುಂಡಿಗಳು ಕಾಣುತ್ತವೆ. ಸುಳಿಯಲ್ಲಿ ಸಿಕ್ಕ ಕಲ್ಲುಗಳು ತಿರುಗಿ ತಿರುಗಿ ಕೊರೆದದ್ದು. ಒಂದರ ತಳದಲ್ಲಿ ಆ ನುಣ್ಣನೆಯ ಕಲ್ಲುಗಳು ಇನ್ನೂ ಇದ್ದವು!

ಈಜಬಹುದಾ ಅಂತ ಕೆಲವರು ಕೇಳಿದ್ದಿರಿ. ದಯವಿಟ್ಟು ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜಾಸ್ತಿ, ಮೊಸಳೆಗಳೂ ಇವೆ. ಸೆಲ್ಫಿಗಾಗಿ ಬಂಡೆಯ ಅಂಚಿಗೂ ಹೋಗಬೇಡಿ.

ವಾಪಸ್ ಹೊರಡುವಾಗ ಬಿಸಿಲು ಏರಿತ್ತು. ಅಲ್ಲೇ ಓಡಾಡುವ ಬಸ್ಸು ಹತ್ತಿ ಸಂಗಮಕ್ಕೆ ಬಂದೆವು. ವಯಸ್ಸಾದವರು ಜೊತೆಗಿದ್ದರೆ ನೀವೂ ಹೀಗೇ ಮಾಡಿ.